ಔಷಧದ ಚೀಟಿಯಲ್ಲಿ ಅನ್ನ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವಾಗ ಉಣ್ಣಬೇಕು ಎಂಬ ಮೂರು ವಿವೇಕಗಳನ್ನೂ ನಮ್ಮ ಹಿರಿಯರು “ಬಲ್ಲವನು” ಎಂಬ ಒಂದೇ ಮಾತಿನಲ್ಲಿ ಅಡಕಗೊಳಿಸಿದ್ದಾರೆ. ಆದರೆ ಎಲ್ಲ ಗಾದೆಗಳಂತೆ ಇದೂ ಸತ್ಯದ ಒಂದು ಮಗ್ಗುಲನ್ನು ಮಾತ್ರ ತೋರಿಸುತ್ತದೆ. ರೋಗವು ಬಂದು ದೇಹದಲ್ಲಿ ನೆಲೆಯೂರಿದ ಮೇಲೆ ಹೇಗೆ ಉಣ್ಣಬೇಕೆಂಬುದನ್ನು ಅದು ಹೇಳುವುದಿಲ್ಲ. ಉಣ್ಣುವ ರೀತಿಯನ್ನು ಚೆನ್ನಾಗಿ ಬಲ್ಲವನಿಗೆ ಉಣ್ಣಲು ಅನ್ನವೇ ಇಲ್ಲದಿದ್ದರೆ ಏನು ಗತಿಯೆಂಬುದನ್ನೂ ಹೇಳುವುದಿಲ್ಲ. ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಅರಸುತ್ತ ಇತ್ತೀಚಿನ ವರ್ಷಗಳಲ್ಲಿ ಕೆಲವು ಆಸ್ಪತ್ರೆಗಳು ಒಂದು ಹೊಸ ಹೆಜ್ಜೆಯನ್ನಿಟ್ಟಿವೆ. ಅವು ರೋಗಿಗೆ ಮಾತ್ರೆಯ ಚೀಟಿಯನ್ನು ಬರೆದುಕೊಡುವಂತೆಯೇ ಆಹಾರದ ಚೀಟಿಯನ್ನೂ ಬರೆದುಕೊಡತೊಡಗಿವೆ; ಚೀಟಿಯೊಡನೆ ಆಹಾರವನ್ನೂ ಕೈಗೆ ಕೊಡತೊಡಗಿವೆ. ಈ ಪ್ರಯತ್ನದ ಹಿನ್ನೆಲೆಯೇನು, ಅದರಿಂದ ಆದ ಪ್ರಯೋಜನವೆಷ್ಟು, ಅದರ ಮಿತಿಯೆಲ್ಲಿ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ರೋಗಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳುಂಟು. ಬಂದು ಹೋಗುವ ರೋಗಗಳು ಒಂದು ಬಗೆ. ಬಂದು ನಿಲ್ಲುವ ರೋಗಗಳು ಮತ್ತೊಂದು ಬಗೆ. ವಿಷಮಶೀತಜ್ವರ ಬಂದವನು ಔಷಧ ಸೇವಿಸಿ, ಕೆಲವು ದಿನ ಗಂಜಿ ಕುಡಿದು, ಗುಣ ಹೊಂದಿ, ಮತ್ತೆ ಎಂದಿನಂತೆ ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ. ಸಿಹಿಮೂತ್ರರೋಗ, ರಕ್ತದ ಒತ್ತಡ, ಹೃದ್ರೋಗ, ಮೂತ್ರಪಿಂಡಗಳ ರೋಗ ಮೊದಲಾದುವುಗಳ ಮಾತು ಹಾಗಲ್ಲ. ಅವು ಒಮ್ಮೆ ಬಂದರೆ ಬಹುಮಟ್ಟಿಗೆ ಬಾಳಿನ ಕೊನೆಯವರೆಗೂ ಜೊತೆಗಿರುತ್ತವೆ. ಇಂಥ ರೋಗಿಯು ತಿಂಗಳಿಗೊಮ್ಮೆ ವೈದ್ಯರ ಬಳಿಗೆ ಹೋದರೂ ವರ್ಷಕ್ಕೆ ಹನ್ನೆರಡು ಸಲ ಮಾತ್ರ ಅವರನ್ನು ಕಾಣುತ್ತಾನೆ. ದಿನಕ್ಕೆ ಮೂರು ಹೊತ್ತಿನಂತೆ ಎಣಿಸಿದರೆ ಅದೇ ವರ್ಷದಲ್ಲಿ ಅವನು ೧,೦೯೫ ಸಲ ಊಟಕ್ಕೆ ಕುಳಿತುಕೊಳ್ಳುತ್ತಾನೆ. ಹನ್ನೆರಡು ಸಲ ಸಿಕ್ಕ ಉಪದೇಶವು ಸಾವಿರದ ತೊಂಬತ್ತೈದು ಸಲ ಆಚರಣೆಗೆ ಬರಬೇಕು. ಉಪದೇಶ ನಡೆಯುವುದು ಆಸ್ಪತ್ರೆಯಲ್ಲಿ. ಆಚರಣೆ ನಡೆಯಬೇಕಾದದ್ದು ಅಡಿಗೆಮನೆಯಲ್ಲಿ. ಈ ಎರಡು ಸ್ಥಳಗಳ ನಡುವಣ ದೂರವೇ ಇಂದಿನ ವೈದ್ಯಶಾಸ್ತ್ರದ ಒಂದು ದೊಡ್ಡ ಸಮಸ್ಯೆಯಾಗಿದೆ.

ಪಥ್ಯವೆಂದರೆ ಬಾಯಿ ಕಟ್ಟುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಅರ್ಧ ಸತ್ಯ. ಸಿಹಿಮೂತ್ರರೋಗವನ್ನೇ ತೆಗೆದುಕೊಳ್ಳೋಣ. ಅಕ್ಕಿ, ಗೋಧಿ, ರಾಗಿ ಮೊದಲಾದ ಧಾನ್ಯಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದನ್ನು ದೇಹದ ಕಣಗಳು ಒಳಗೆ ತೆಗೆದುಕೊಳ್ಳುವಂತೆ ಮಾಡುವುದು ಇನ್ಸುಲಿನ್ ಎಂಬ ರಸ. ಇನ್ಸುಲಿನ್ ಸಾಲದಾದಾಗ, ಅಥವಾ ದೇಹವು ಅದರ ಮಾತನ್ನು ಕೇಳದಾದಾಗ, ಸಕ್ಕರೆ ರಕ್ತದಲ್ಲಿಯೇ ಉಳಿದು ಕಣ್ಣು, ಮೂತ್ರಪಿಂಡ, ನರಗಳಿಗೆ ಹಾನಿ ಮಾಡುತ್ತದೆ. ಆದುದರಿಂದ ಸಕ್ಕರೆ ಬೆಲ್ಲಗಳನ್ನು ಬಿಟ್ಟೊಡನೆ ಪಥ್ಯ ಪೂರ್ತಿಯಾಗಲಿಲ್ಲ. ಪಿಷ್ಟದ ಒಟ್ಟು ಮೊತ್ತವನ್ನೇ ಗಮನಿಸಬೇಕು. ರಾಗಿಯನ್ನು ಎಷ್ಟು ತಿಂದರೂ ಬಾಧೆಯಿಲ್ಲವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚಾಗಿರುವುದು ನಿಜ. ಆದರೆ ಅದರ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಪಿಷ್ಟವೇ ಆಗಿದೆ. ಎಷ್ಟು ಎಂಬ ಪ್ರಶ್ನೆಯನ್ನು ರಾಗಿಯೂ ತಪ್ಪಿಸಲಾರದು.

ಮೂತ್ರಪಿಂಡಗಳ ರೋಗದಲ್ಲಿ ಪಥ್ಯದ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಸೊಪ್ಪು, ಬಾಳೆಹಣ್ಣು, ಎಳನೀರು ಇವುಗಳಲ್ಲಿರುವ ಪೊಟ್ಯಾಸಿಯಂ ಎಂಬ ಲವಣವು ಆರೋಗ್ಯವಂತರಿಗೆ ಹಿತಕರ. ಮೂತ್ರಪಿಂಡಗಳು ಸೋತವರಲ್ಲಿ ಅದು ಹೊರಹೋಗಲಾರದೆ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲುದು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿಬಿಟ್ಟರೆ ಪೊಟ್ಯಾಸಿಯಂ ಬಹಳಷ್ಟು ಕಡಿಮೆಯಾಗುತ್ತದೆ. ಬೇಳೆ ಬೇಯಿಸಿದ ನೀರನ್ನು, ಸೊಪ್ಪು ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವುದೇ ಜಾಣತನವೆಂದು ತಿಳಿದ ನಮ್ಮ ಗೃಹಿಣಿಯರಿಗೆ ಈ ಮಾತು ವಿಪರೀತವಾಗಿ ಕಾಣಬಹುದು. ಅಷ್ಟೇ ಅಲ್ಲ, ರೋಗದ ಘಟ್ಟ ಬದಲಾದಂತೆ ಪಥ್ಯವೂ ತಿರುಗುಮುರುಗಾಗುತ್ತದೆ. ಮೂತ್ರಪಿಂಡಗಳು ದುರ್ಬಲವಾಗಿರುವಾಗ ಬೇಳೆ, ಮೊಟ್ಟೆ, ಮಾಂಸಗಳಲ್ಲಿರುವ ಪ್ರೋಟೀನನ್ನು ಮಿತಗೊಳಿಸಬೇಕೆಂದು ಹೇಳುವ ವೈದ್ಯರೇ, ರೋಗಿಯು ಯಂತ್ರದ ಮೂಲಕ ರಕ್ತವನ್ನು ಶುದ್ಧಿ ಮಾಡಿಸಿಕೊಳ್ಳುವ ಡಯಾಲಿಸಿಸ್ ಹಂತಕ್ಕೆ ಬಂದಾಗ ಪ್ರೋಟೀನನ್ನು ಹೆಚ್ಚಿಸಬೇಕೆಂದು ಹೇಳುತ್ತಾರೆ. ಇಂಥ ಲೆಕ್ಕವನ್ನು ಮನೆಯವರು ತಾವಾಗಿ ಊಹಿಸಿಕೊಳ್ಳಲಾರರು. ಬಲ್ಲವರೊಬ್ಬರು ಅಳೆದು ಹೇಳಬೇಕು.

ಆಸ್ಪತ್ರೆಯು ರೋಗಿಯ ಊಟಕ್ಕೆ ಹೊಣೆಯಾಗಬೇಕೆಂಬ ವಿಚಾರವು ಹಳೆಯದೇ ಆದರೂ, ಅದಕ್ಕೆ ಶಾಸ್ತ್ರೀಯ ರೂಪ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕ್ರಿಮಿಯದ ಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕರಿಗಾಗಿ ತುರ್ಕಿಯ ಸ್ಕುಟಾರಿಯಲ್ಲಿದ್ದ ಆಸ್ಪತ್ರೆಗೆ ೧೮೫೪ರಲ್ಲಿ ಫ್ಲಾರೆನ್ಸ್ ನೈಟಿಂಗೇಲರು ಬಂದರು. ಅಲ್ಲಿ ಮಾಂಸವನ್ನು ದೊಡ್ಡ ಹಂಡೆಗಳಲ್ಲಿ ಕುದಿಸುತ್ತಿದ್ದರು. ತಮ್ಮ ಪಾಲು ಗುರುತು ಸಿಗಲೆಂದು ಸೈನಿಕರು ಅದಕ್ಕೆ ಚಿಂದಿ, ಗುಂಡಿ ಮುಂತಾದುವನ್ನು ಕಟ್ಟಿ ಹಂಡೆಗೆ ಹಾಕುತ್ತಿದ್ದರು. ಕೆಲವು ತುಂಡುಗಳು ಬೆಂದು ಕರಗಿದರೆ ಮತ್ತೆ ಕೆಲವು ಹಸಿಯಾಗಿಯೇ ಉಳಿಯುತ್ತಿದ್ದವು. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನಲ್ಲಿ ಅಡಿಗೆಯವನಾಗಿ ಪ್ರಖ್ಯಾತನಾಗಿದ್ದ ಅಲೆಕ್ಸಿಸ್ ಸೋಯರ್ ಎಂಬಾತನು ೧೮೫೫ರಲ್ಲಿ ಅಲ್ಲಿಗೆ ಹೋಗಿ ಈ ಅಡಿಗೆಮನೆಗಳನ್ನು ಸುಧಾರಿಸಿದನು. ಅಡಿಗೆಯವನೂ ಪ್ರಾಣ ಉಳಿಸಬಲ್ಲನೆಂಬುದು ಆಗ ಜನರ ಕಣ್ಣಿಗೆ ಬಿದ್ದಿತು. ಮುಂದೆ ನೈಟಿಂಗೇಲರು ಶುಶ್ರೂಷೆಯನ್ನು ಕುರಿತು ಬರೆದ ತಮ್ಮ ಪುಸ್ತಕದಲ್ಲಿ, ಸುತ್ತಲೂ ಆಹಾರವಿದ್ದೂ ಅದನ್ನು ತಕ್ಕ ಹೊತ್ತಿಗೆ ತಕ್ಕ ರೀತಿಯಲ್ಲಿ ಕೊಡದ ಕಾರಣ ರೋಗಿಗಳು ಹಸಿವಿನಿಂದ ಬಳಲುವುದುಂಟೆಂದು ಎಚ್ಚರಿಸಿದರು.

ಇಪ್ಪತ್ತನೆಯ ಶತಮಾನದ ಒಂದು ಪ್ರಯೋಗವು ನಮ್ಮಂಥ ಅನ್ನ ಉಣ್ಣುವವರಿಗೆ ವಿಶೇಷವಾಗಿ ಕುತೂಹಲಕಾರಿಯಾದುದು. ಬರ್ಲಿನ್ನಿನಲ್ಲಿ ಜನಿಸಿ ಅಮೆರಿಕೆಗೆ ವಲಸೆ ಹೋದ ಡಾ. ವಾಲ್ಟರ್ ಕೆಂಪ್ನರ್ ಎಂಬವರು ಉತ್ತರ ಕರೋಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ೧೯೩೯ರಿಂದ ತೀವ್ರವಾದ ರಕ್ತದ ಒತ್ತಡ ಮತ್ತು ಮೂತ್ರಪಿಂಡ ರೋಗವುಳ್ಳವರಿಗೆ ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ ಇವಿಷ್ಟನ್ನೇ ಕೊಟ್ಟು ಚಿಕಿತ್ಸೆ ಮಾಡಿದರು. ಆ ಅನ್ನಕ್ಕೆ ಉಪ್ಪಿನ ಹರಳೊಂದನ್ನೂ ಹಾಕುವಂತಿರಲಿಲ್ಲ. ಆಗ ಈ ರೋಗಕ್ಕೆ ನಂಬತಕ್ಕ ಔಷಧಗಳಿರಲಿಲ್ಲ. ರೋಗ ಉಲ್ಬಣಿಸಿದವರು ಬಹುಕಾಲ ಬದುಕುತ್ತಿರಲಿಲ್ಲ. ಕೆಂಪ್ನರರ ರೋಗಿಗಳಲ್ಲಿ ಹಲವರ ರಕ್ತದ ಒತ್ತಡ ಇಳಿಯಿತು; ಹಿಗ್ಗಿದ ಹೃದಯ ಕುಗ್ಗಿದುದು ಕ್ಷಕಿರಣದ ಚಿತ್ರಗಳಲ್ಲಿ ಕಂಡುಬಂದಿತು. ಆದರೆ “ಉಪ್ಪಿಗಿಂತ ರುಚಿಯಿಲ್ಲ” ಎಂಬ ನಮ್ಮ ಗಾದೆ ಕರೋಲಿನಾದಲ್ಲಿಯೂ ಸುಳ್ಳಾಗಲಿಲ್ಲ. ಆ ಊಟವನ್ನು ತಿಂಗಳುಗಟ್ಟಲೆ ಉಣ್ಣುವುದು ದುಸ್ಸಾಧ್ಯವಾಗಿತ್ತು. ರೋಗಿಗಳು ಡರಮ್ ನಗರದ ವಸತಿಗೃಹಗಳಲ್ಲಿ ತಂಗಿ ಒಟ್ಟಿಗೆ ಉಣ್ಣುತ್ತಿದ್ದರು. ಊಟವನ್ನು ಬೇರೆಯವರು ಬೇಯಿಸಿ ಬಡಿಸುತ್ತಿದ್ದುದರಿಂದಲೇ ಆ ಪಥ್ಯವು ಸಾಗಿತು. ಒತ್ತಡವನ್ನು ಇಳಿಸುವ ಒಳ್ಳೆಯ ಮಾತ್ರೆಗಳು ಬಂದ ಮೇಲೆ ಇಷ್ಟು ಕಠಿಣವಾದ ಪಥ್ಯ ಹಿಂದೆ ಸರಿಯಿತು. ಉಪ್ಪಿನ ವಿಷಯದಲ್ಲಿ ಕಲಿತ ಪಾಠ ಮಾತ್ರ ಉಳಿಯಿತು. ದಿನಕ್ಕೆ ಐದು ಗ್ರಾಂ, ಎಂದರೆ ಸುಮಾರು ಒಂದು ಟೀ ಚಮಚದಷ್ಟು ಉಪ್ಪನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿರುವ ನಮ್ಮ ಎಲೆಯಲ್ಲಿ ಈ ಮಿತಿ ಉಳಿಯುವುದು ಸುಲಭವಲ್ಲ.

ಬೇಯಿಸಿದ ಊಟವನ್ನು ರೋಗಿಯ ಮನೆಬಾಗಿಲಿಗೆ ಮುಟ್ಟಿಸುವ ಕೆಲಸವು ಅಮೆರಿಕೆಯಲ್ಲಿ ಮತ್ತೊಂದು ವಿಪತ್ತಿನಿಂದ ಹುಟ್ಟಿತು. ಏಡ್ಸ್ ರೋಗಕ್ಕೆ ಮದ್ದಿಲ್ಲದಿದ್ದ ೧೯೮೫ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ರೂತ್ ಬ್ರಿಂಕರ್ ಎಂಬ ನಿವೃತ್ತ ಮಹಿಳೆಯು ರೋಗದಿಂದ ಕೃಶರಾಗಿದ್ದ ಏಳು ಮಂದಿಗೆ ತಮ್ಮ ಅಡಿಗೆಮನೆಯಲ್ಲಿ ಬೇಯಿಸಿ ಊಟ ಕಳುಹಿಸತೊಡಗಿದರು. ಅದೇ ವರ್ಷ ನ್ಯೂಯಾರ್ಕಿನಲ್ಲಿಯೂ ಇಂಥದೊಂದು ಸಂಸ್ಥೆ ಮೊದಲಾಯಿತು. ಔಷಧಗಳು ಬಂದು ಏಡ್ಸ್ ರೋಗಿಗಳ ಆಯುಸ್ಸು ಬೆಳೆದ ಮೇಲೆ ಈ ಸಂಸ್ಥೆಗಳು ಸಿಹಿಮೂತ್ರ, ಹೃದಯ ಮತ್ತು ಮೂತ್ರಪಿಂಡಗಳ ರೋಗಿಗಳತ್ತ ಕೈಚಾಚಿದವು. ಆಹಾರಶಾಸ್ತ್ರಜ್ಞರು ಒಬ್ಬೊಬ್ಬ ರೋಗಿಗೂ ತಕ್ಕಂತೆ ಊಟವನ್ನು ಗೊತ್ತುಮಾಡುವ ಪದ್ಧತಿ ಹೀಗೆ ಬೆಳೆಯಿತು. ನೆರೆಹೊರೆಯವರ ಅನುಕಂಪದಿಂದ ಹುಟ್ಟಿದ ಕೆಲಸವನ್ನು ಮುಂದೆ ಆಸ್ಪತ್ರೆಗಳೂ ಕೈಗೆತ್ತಿಕೊಂಡವು.

ಶ್ರೀಮಂತ ರಾಷ್ಟ್ರವಾದ ಅಮೆರಿಕೆಯಲ್ಲಿ ಆಸ್ಪತ್ರೆಯು ಊಟ ಕೊಡಬೇಕಾದ ಅಗತ್ಯವಾದರೂ ಏನೆಂದು ಓದುಗರು ಕೇಳಬಹುದು. ಇದಕ್ಕೆ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳ ದಾಖಲೆಗಳೇ ಉತ್ತರ ಕೊಡುತ್ತವೆ. ೨೦೦೦ದಿಂದ ೨೦೦೮ರ ವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಒಂದು ವಿಚಿತ್ರ ಸಂಗತಿ ಕಂಡುಬಂದಿತು. ರಕ್ತದಲ್ಲಿ ಸಕ್ಕರೆ ತೀರ ಇಳಿದುಹೋಗಿ ಆಸ್ಪತ್ರೆಗೆ ಬರುವ ಬಡವರ ಸಂಖ್ಯೆ ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಶೇಕಡಾ ೨೭ರಷ್ಟು ಹೆಚ್ಚಾಗಿತ್ತು. ಅನುಕೂಲಸ್ಥರಲ್ಲಿ ಈ ಏರಿಳಿತವಿರಲಿಲ್ಲ. ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಹಿಮೂತ್ರರೋಗಿಯು ಮದ್ದನ್ನು ತೆಗೆದುಕೊಂಡು ಊಟ ಮಾಡದಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯುತ್ತದೆ. ತಿಂಗಳ ಕೊನೆಗೆ ಕೈ ಬರಿದಾದಾಗ ಮದ್ದು ಮನೆಯಲ್ಲಿರುತ್ತದೆ, ಅನ್ನ ಇರುವುದಿಲ್ಲ. ತಿಂಗಳ ಕೊನೆಯ ವಾರವನ್ನು ಬಲ್ಲ ನಮ್ಮ ನಗರದ ಸಂಬಳದ ಕುಟುಂಬಗಳಿಗೆ ಇದು ದೂರದ ಕಥೆಯೆಂದು ತೋರಲಾರದು.

ಪೆನ್ಸಿಲ್ವೇನಿಯಾ ಸಂಸ್ಥಾನದ ಶಮೋಕಿನ್ ಎಂಬುದು ಹಿಂದೆ ಕಲ್ಲಿದ್ದಲಿನ ಗಣಿಗಳಿಂದ ಬಾಳಿ, ಗಣಿಗಳು ಮುಚ್ಚಿದ ಮೇಲೆ ಬಡತನಕ್ಕೆ ಬಿದ್ದ ಸಣ್ಣ ಪಟ್ಟಣ. ಅಲ್ಲಿ ಗೈಸಿಂಗರ್ ಎಂಬ ಆಸ್ಪತ್ರೆಗಳ ಸಂಸ್ಥೆಯು ೨೦೧೬ರಲ್ಲಿ ಒಂದು ವಿಶಿಷ್ಟ ಅಂಗಡಿಯನ್ನು ತೆರೆಯುವ ಕಾರ್ಯವನ್ನಾರಂಭಿಸಿತು. ಔಷಧದಂಗಡಿಗೆ ಇಂಗ್ಲಿಷಿನಲ್ಲಿ ಫಾರ್ಮಸಿ ಎನ್ನುತ್ತಾರೆ. ಹೊಲಕ್ಕೆ ಫಾರ್ಮ್ ಎನ್ನುತ್ತಾರೆ. ಈ ಎರಡು ಶಬ್ದಗಳನ್ನು ಬೆಸೆಯುವಂತೆ ಕಾಗುಣಿತವನ್ನು ತುಸು ಬದಲಿಸಿ ಅದಕ್ಕೆ “ಫ್ರೆಶ್ ಫುಡ್ ಫಾರ್ಮಸಿ” ಎಂದು ಹೆಸರಿಟ್ಟರು. ಸಿಹಿಮೂತ್ರರೋಗವು ಹತೋಟಿ ತಪ್ಪಿ, ಮನೆಯಲ್ಲಿ ಆಹಾರಕ್ಕೂ ಕೊರತೆಯಿದ್ದವರನ್ನು ವೈದ್ಯರೇ ಆರಿಸಿ ಚೀಟಿ ಬರೆದುಕೊಡುತ್ತಿದ್ದರು. ಆ ಚೀಟಿಯನ್ನು ತೋರಿಸಿದವರಿಗೆ ವಾರಕ್ಕೆ ಹತ್ತು ಊಟಗಳಿಗೆ ಸಾಕಾಗುವಷ್ಟು ತರಕಾರಿ, ಹಣ್ಣು, ತೌಡು ತೆಗೆಯದ ಧಾನ್ಯ, ಮೀನು ಮುಂತಾದುವನ್ನು ಬೆಲೆಯಿಲ್ಲದೆ ಕೊಡಲಾಗುತ್ತಿತ್ತು. ಅದೂ ರೋಗಿಯೊಬ್ಬನಿಗಲ್ಲ, ಮನೆಮಂದಿಗೆಲ್ಲ. ಇದರಲ್ಲಿ ದೊಡ್ಡ ವಿವೇಕವಿದೆ. ಮಕ್ಕಳು ಹಸಿದಿರುವಾಗ ತನಗೆಂದು ಕೊಟ್ಟ ಆಹಾರವನ್ನು ಒಬ್ಬಳೇ ಉಣ್ಣುವ ತಾಯಿ ಯಾವ ದೇಶದಲ್ಲಿಯೂ ಇಲ್ಲ. ಆಹಾರದ ಜೊತೆಗೆ ಅಡಿಗೆಯ ವಿಧಾನ, ಆಹಾರಶಾಸ್ತ್ರಜ್ಞರ ಸಲಹೆ, ದಾದಿಯರ ಮೇಲ್ವಿಚಾರಣೆ, ರೋಗದ ವಿಷಯವಾಗಿ ತರಗತಿಗಳು ಇವೆಲ್ಲವೂ ಇದ್ದವು.

ಪರಿಣಾಮವನ್ನು ಅಳೆಯುವುದು ಹೇಗೆ? ರಕ್ತದ ಕೆಂಪುಕಣಗಳಲ್ಲಿರುವ ಹಿಮೋಗ್ಲೋಬಿನ್ನಿಗೆ ರಕ್ತದ ಸಕ್ಕರೆ ಅಂಟಿಕೊಳ್ಳುತ್ತದೆ. ಕೆಂಪುಕಣದ ಆಯುಸ್ಸು ಸುಮಾರು ೧೨೦ ದಿನ. ಆದುದರಿಂದ ಶೇಕಡಾ ಎಷ್ಟು ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿದೆಯೆಂದು ನೋಡಿದರೆ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಯುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಓದಿದಂತೆ, ಹಿಂದಿನ ದಿನ ಮಾತ್ರ ಪಥ್ಯ ಹಿಡಿದು ಈ ಪರೀಕ್ಷೆಯಲ್ಲಿ ತೇರ್ಗಡೆ ಹೊಂದುವಂತಿಲ್ಲ! ಈ ಅಂಕಿ ೫.೭ಕ್ಕಿಂತ ಕೆಳಗಿದ್ದರೆ ಸಹಜ, ೬.೫ ಅಥವಾ ಅದಕ್ಕೂ ಮೇಲಿದ್ದರೆ ಸಿಹಿಮೂತ್ರರೋಗ. ಶಮೋಕಿನ್ನಿನ ಮೊದಮೊದಲ ರೋಗಿಗಳಲ್ಲಿ ಇದು ಸುಮಾರು ಎರಡು ಅಂಶಗಳಷ್ಟು ಇಳಿಯಿತು. ಮಾತ್ರೆಗಳಿಂದಲೂ ಇಷ್ಟು ಇಳಿಯುವುದು ಕಷ್ಟ. ಪತ್ರಿಕೆಗಳು ಹೊಗಳಿದವು, ಆಹಾರವೇ ಔಷಧವೆಂದು ಎಲ್ಲೆಡೆ ಮಾತು ಹಬ್ಬಿತು.

ಆದರೆ ವಿಜ್ಞಾನವು ಹೊಗಳಿಕೆಗೆ ಒಲಿಯುವುದಿಲ್ಲ. ಆಹಾರ ಪಡೆಯದ ಇಂಥವೇ ರೋಗಿಗಳಿಗೆ ಏನಾಯಿತೆಂಬುದನ್ನೂ ನೋಡಬೇಕಲ್ಲವೆ? ಆದುದರಿಂದ ೨೦೧೯ರಿಂದ ೨೦೨೨ರ ವರೆಗೆ ಒಂದು ಕಟ್ಟುನಿಟ್ಟಾದ ಪರೀಕ್ಷೆ ನಡೆಯಿತು. ಈ ಅಂಕಿಯು ೮ ಅಥವಾ ಅದಕ್ಕೂ ಮೇಲಿದ್ದ ಸುಮಾರು ಐನೂರು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೆ ಆಹಾರವನ್ನು ಕೊಟ್ಟರು. ಮತ್ತೊಂದಕ್ಕೆ ಎಂದಿನ ಚಿಕಿತ್ಸೆಯನ್ನು ಮಾತ್ರ ಕೊಟ್ಟು, ಆರು ತಿಂಗಳ ನಂತರ ಆಹಾರವನ್ನು ಕೊಡುವುದಾಗಿ ಹೇಳಿದರು. ೨೦೨೩ರ ಕೊನೆಗೆ ಪ್ರಕಟವಾದ ಫಲಿತಾಂಶವು ಅನೇಕರನ್ನು ಬೆರಗುಗೊಳಿಸಿತು. ಆಹಾರ ಪಡೆದವರಲ್ಲಿ ಆರು ತಿಂಗಳಿಗೆ ೧.೫ ಅಂಶ ಇಳಿದಿತ್ತು. ಆಹಾರ ಪಡೆಯದವರಲ್ಲಿಯೂ ೧.೩ ಅಂಶ ಇಳಿದಿತ್ತು! ಈ ಎರಡರ ನಡುವಣ ಅಂತರವು ಗಣನೆಗೆ ಬರುವಷ್ಟಿರಲಿಲ್ಲ.

ಇದು ಹೇಗಾಯಿತೆಂಬುದು ವಿದ್ಯಾರ್ಥಿಗಳಿಗೆ ಸುಲಭವಾಗಿ ಅರ್ಥವಾಗುವ ಸಂಗತಿ. ತರಗತಿಯಲ್ಲಿ ಒಂದು ಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ಪಡೆದವರನ್ನಷ್ಟೇ ಆರಿಸಿ ಅವರಿಗೆ ಮನೆಪಾಠ ಹೇಳಿಸಿದರೆಂದಿಟ್ಟುಕೊಳ್ಳಿ. ಮುಂದಿನ ಪರೀಕ್ಷೆಯಲ್ಲಿ ಅವರ ಅಂಕಗಳು ಏರುತ್ತವೆ. ಅದೆಲ್ಲ ಮನೆಪಾಠದ ಮಹಿಮೆಯೆ? ಮೊದಲ ಪರೀಕ್ಷೆಯ ದಿನ ಒಬ್ಬನಿಗೆ ಜ್ವರವಿದ್ದಿರಬಹುದು. ಮತ್ತೊಬ್ಬನು ಕಡಿಮೆ ಅಂಕ ಕಂಡು ನಾಚಿ ತಾನಾಗಿಯೇ ಓದಿರಬಹುದು. ಮನೆಪಾಠವಿಲ್ಲದ ಇಂಥವೇ ಹುಡುಗರೊಡನೆ ಹೋಲಿಸಿ ನೋಡದ ಹೊರತು ಸತ್ಯ ತಿಳಿಯದು. ರೋಗವು ಅತಿ ಕೆಟ್ಟ ಸ್ಥಿತಿಯಲ್ಲಿರುವಾಗ ಆರಿಸಿದ ರೋಗಿಗಳಲ್ಲಿಯೂ ಹೀಗೆಯೇ. ಕೆಲವರಿಗೆ ಸ್ವಾಭಾವಿಕವಾಗಿ ಇಳಿಯುತ್ತದೆ. ಕೆಲವರಿಗೆ ವೈದ್ಯರು ಮದ್ದನ್ನು ಬದಲಿಸುತ್ತಾರೆ. ಹಾಗೆಂದು ಆ ಆಹಾರವೆಲ್ಲ ವ್ಯರ್ಥವಾಯಿತೆಂದು ತೀರ್ಮಾನಿಸುವುದೂ ಸರಿಯಲ್ಲ. ಆಹಾರ ಪಡೆದವರು ಆಹಾರಶಾಸ್ತ್ರಜ್ಞರನ್ನು ಹೆಚ್ಚಾಗಿ ಕಂಡರು. ತಮ್ಮ ಊಟ ಸುಧಾರಿಸಿತೆಂದು ಅವರೇ ಹೇಳಿದರು. ಹಸಿದವರು ಉಂಡುದು ತನ್ನಷ್ಟಕ್ಕೆ ಒಂದು ಒಳ್ಳೆಯ ಕೆಲಸವೇ ಆಗಿದೆ. ಆದರೆ ಅದು ಸಿಹಿಮೂತ್ರರೋಗದ ಮದ್ದೂ ಹೌದೆನ್ನಲು ಬೇರೆಯ ಆಧಾರ ಬೇಕು. ವಾರದ ಇಪ್ಪತ್ತೊಂದು ಊಟಗಳಲ್ಲಿ ಹತ್ತು ಬದಲಾದರೂ ಹನ್ನೊಂದು ಹಿಂದಿನಂತೆಯೇ ಉಳಿದಿದ್ದುವೆಂಬುದನ್ನೂ ಮರೆಯಬಾರದು.

ಇನ್ನು ನಮ್ಮ ದೇಶದತ್ತ ತಿರುಗೋಣ. ನಮ್ಮಲ್ಲಿ ತಿಂಗಳುಗಟ್ಟಲೆ ಕಾಡುವ ರೋಗಗಳಲ್ಲಿ ಕ್ಷಯವು ಮುಖ್ಯವಾದದ್ದು. ಹಿಂದೆ ಕ್ಷಯರೋಗಿಗಳನ್ನು ಊರ ಹೊರಗಿನ ಆರೋಗ್ಯಧಾಮಗಳಲ್ಲಿ ಇರಿಸಿ ಹಾಲು, ಮೊಟ್ಟೆ, ವಿಶ್ರಾಂತಿ, ಒಳ್ಳೆಯ ಗಾಳಿಗಳಿಂದ ಉಪಚರಿಸುತ್ತಿದ್ದರು. ೧೯೫೬ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಕೇಂದ್ರವು ಈ ವಿಷಯದಲ್ಲಿ ಜಗತ್ಪ್ರಸಿದ್ಧವಾದ ಪ್ರಯೋಗವೊಂದನ್ನು ನಡೆಸಿತು. ಕೆಲವು ರೋಗಿಗಳನ್ನು ಆರೋಗ್ಯಧಾಮದಲ್ಲಿ, ಕೆಲವರನ್ನು ಅವರವರ ಬಡ ಮನೆಗಳಲ್ಲಿಯೇ ಇರಿಸಿ, ಇಬ್ಬರಿಗೂ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟರು. ಮನೆಯಲ್ಲಿದ್ದವರ ಊಟ ತೀರ ಸಾಧಾರಣವಾಗಿದ್ದರೂ ಗುಣ ಹೊಂದುವುದರಲ್ಲಿ ಅವರು ಬಹುಮಟ್ಟಿಗೆ ಆರೋಗ್ಯಧಾಮದವರಿಗೆ ಸಮನಾಗಿದ್ದರೆಂದು ೧೯೫೯ರಲ್ಲಿ ಪ್ರಕಟವಾಯಿತು. ಇದರಿಂದ ಮಹೋಪಕಾರವೇ ಆಯಿತು. ಆಸ್ಪತ್ರೆಯ ಹಾಸಿಗೆ ಸಿಗದ ಲಕ್ಷಾಂತರ ಬಡವರಿಗೆ ಮನೆಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ಜಗತ್ತು ಅರಿಯಿತು. ಆದರೆ ಔಷಧವೊಂದಿದ್ದರೆ ಸಾಕು, ಊಟದ ಗೊಡವೆ ಬೇಡ ಎಂಬ ಉದಾಸೀನವೂ ಕಾಲಕ್ರಮದಲ್ಲಿ ಬೆಳೆಯಿತು.

ಈ ಉದಾಸೀನವನ್ನು ಪ್ರಶ್ನಿಸುವ ಸಂಗತಿಗಳು ಛತ್ತೀಸಗಢದ ಬಿಲಾಸಪುರದ ಸಮೀಪದ ಗನಿಯಾರಿ ಗ್ರಾಮದಲ್ಲಿ ಜನ ಸ್ವಾಸ್ಥ್ಯ ಸಹಯೋಗವೆಂಬ ಸಂಸ್ಥೆ ನಡೆಸುವ ಆಸ್ಪತ್ರೆಯಲ್ಲಿ ಕಂಡುಬಂದವು. ಅಲ್ಲಿಗೆ ಬಂದ ಕ್ಷಯರೋಗಿಗಳನ್ನು ತೂಗಿ ನೋಡಿದಾಗ, ಗಂಡಸರ ಮಧ್ಯಮ ತೂಕ ಸುಮಾರು ೪೨ ಕಿಲೋಗ್ರಾಂ, ಹೆಂಗಸರದು ಸುಮಾರು ೩೪ ಕಿಲೋಗ್ರಾಂ ಮಾತ್ರ ಇತ್ತೆಂದು ೨೦೧೩ರಲ್ಲಿ ಪ್ರಕಟವಾದ ವರದಿಯಿಂದ ತಿಳಿಯುತ್ತದೆ. ಇದು ನಮ್ಮ ಮಾಧ್ಯಮಿಕ ತರಗತಿಗಳ ಮಕ್ಕಳ ತೂಕ! ಇಷ್ಟು ಕೃಶವಾದ ದೇಹಕ್ಕೆ ಮಾತ್ರೆಯನ್ನು ಮಾತ್ರ ಕೊಟ್ಟರೆ ಸಾಲದೆಂದು ಬಗೆದು ಅಲ್ಲಿನ ವೈದ್ಯರು ಔಷಧದೊಡನೆ ಧಾನ್ಯವನ್ನೂ ಕೊಡುತ್ತ ಬಂದರು.

ಆದರೆ ಅನ್ನದಿಂದ ನಿಜವಾಗಿ ಏನಾಗುತ್ತದೆಂಬುದನ್ನು ಅಳೆದು ತೋರಿಸಿದ್ದು ಝಾರಖಂಡದ ಪ್ರಯೋಗ. ಕನ್ನಡಿಗರಾದ ನಾವು ಇದನ್ನು ವಿಶೇಷವಾಗಿ ನೆನೆಯಲು ಕಾರಣವುಂಟು. ಇದರ ಮುಂದಾಳುಗಳಾದ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನವರು. ಹಿಂದೆ ಮದರಾಸಿನ ಪ್ರಯೋಗವನ್ನು ನಡೆಸಿದ ಸಂಸ್ಥೆಯೇ ಈಗ ಚೆನ್ನೈಯ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯಾಗಿ ಇದರಲ್ಲಿಯೂ ಸಹಭಾಗಿಯಾಗಿತ್ತು. ೨೦೧೯ರಲ್ಲಿ ಆರಂಭವಾದ ಈ ಪ್ರಯೋಗದಲ್ಲಿ ನಾಲ್ಕು ಜಿಲ್ಲೆಗಳ ೨,೮೦೦ ರೋಗಿಗಳೂ, ಅವರೊಡನೆ ಒಂದೇ ಸೂರಿನಡಿ ಬಾಳುವ ೧೦,೩೪೫ ಮಂದಿ ಮನೆಯವರೂ ಸೇರಿದ್ದರು. ರೋಗಿಗಳಿಗೆಲ್ಲ ಪ್ರತಿ ತಿಂಗಳೂ ಸುಮಾರು ಹತ್ತು ಕಿಲೋಗ್ರಾಂ ಆಹಾರದ ಗಂಟು ದೊರೆಯಿತು. ಅದರಲ್ಲಿ ಅಕ್ಕಿ, ಹುರಿದ ಕಡಲೆಯ ಹಿಟ್ಟು, ಹಾಲಿನ ಪುಡಿ, ಎಣ್ಣೆ ಇದ್ದವು. ಜೊತೆಗೆ ಜೀವಸತ್ವಗಳ ಮಾತ್ರೆಯಿತ್ತು. ಹುರಿದ ಕಡಲೆಯ ಹಿಟ್ಟು, ಎಂದರೆ ಸತ್ತು, ಆ ಸೀಮೆಯ ಜನರ ನಿತ್ಯದ ಆಹಾರ; ಗುರುತಿಲ್ಲದ ಯಾವ ಪದಾರ್ಥವನ್ನೂ ಅವರ ಮೇಲೆ ಹೇರಲಿಲ್ಲ. ಇದರಿಂದ ರೋಗಿಗೆ ದಿನಕ್ಕೆ ಸುಮಾರು ೧,೨೦೦ ಕ್ಯಾಲೊರಿ ಶಕ್ತಿಯೂ ೫೨ ಗ್ರಾಂ ಪ್ರೋಟೀನೂ ಹೆಚ್ಚಾಗಿ ದೊರೆಯುವಂತಾಯಿತು. ಮನೆಯವರಲ್ಲಿ ಮಾತ್ರ ಎರಡು ಗುಂಪುಗಳಿದ್ದವು. ಒಂದು ಗುಂಪಿನವರಿಗೆ ಅಕ್ಕಿ, ಬೇಳೆಗಳನ್ನು ಕೊಟ್ಟರು. ಮತ್ತೊಂದು ಗುಂಪಿನವರಿಗೆ ಕೊಡಲಿಲ್ಲ.

೨೦೨೩ರಲ್ಲಿ ಪ್ರಕಟವಾದ ಫಲಿತಾಂಶವು ಶಮೋಕಿನ್ನಿನಂತೆ ಸಂದಿಗ್ಧವಾಗಿರಲಿಲ್ಲ. ಆಹಾರ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ ೩೯ರಷ್ಟು ಕಡಿಮೆಯಾಯಿತು. ಪರೀಕ್ಷೆಯಲ್ಲಿ ರೋಗಾಣು ಸಿದ್ಧಪಟ್ಟ ಶ್ವಾಸಕೋಶದ ಕ್ಷಯವು ಶೇಕಡಾ ೪೮ರಷ್ಟು ಕಡಿಮೆಯಾಯಿತು. ರೋಗಿಗಳಲ್ಲಿ ಹತ್ತರಲ್ಲಿ ಎಂಟು ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರಾಗಿದ್ದರು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ಶೇಕಡಾ ಐದರಷ್ಟು ತೂಕ ಕೂಡಿಸಿಕೊಂಡವರಲ್ಲಿ ಮರಣದ ಸಂಭವ ಶೇಕಡಾ ೬೧ರಷ್ಟು ಕಡಿಮೆಯಿತ್ತು. ಕ್ಷಯದ ರೋಗಾಣುವು ನಮ್ಮ ದೇಶದಲ್ಲಿ ಕೋಟ್ಯಂತರ ಜನರ ಶರೀರದಲ್ಲಿ ಮಲಗಿದೆ. ದೇಹದಲ್ಲಿ ಕಸುವಿದ್ದಷ್ಟು ಕಾಲ ಅದು ಏಳುವುದಿಲ್ಲ. ಹಸಿವು ಕಸುವನ್ನು ಕುಂದಿಸುತ್ತದೆ. ಅನ್ನ ಅದನ್ನು ಮರಳಿ ತುಂಬುತ್ತದೆ. ಕ್ಷಯರೋಗಿಗಳಿಗೆ ಪೋಷಣೆಗಾಗಿ ತಿಂಗಳಿಗೆ ೫೦೦ ರೂಪಾಯಿ ಕೊಡುವ ನಿಕ್ಷಯ ಪೋಷಣ ಯೋಜನೆಯನ್ನು ಕೇಂದ್ರ ಸರ್ಕಾರವು ೨೦೧೮ರಲ್ಲಿ ಆರಂಭಿಸಿತ್ತು. ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ ರೂಪಾಯಿಗಳಿಗೆ ಏರಿಸಿತು.

ಒಂದೆಡೆ ಆಹಾರದಿಂದ ಅಳೆಯುವಷ್ಟು ವ್ಯತ್ಯಾಸ ಕಾಣಲಿಲ್ಲ. ಮತ್ತೊಂದೆಡೆ ಅದು ಪ್ರಾಣ ಉಳಿಸಿತು. ಇವೆರಡೂ ಪರಸ್ಪರ ವಿರೋಧವಾದುವಲ್ಲ. ಝಾರಖಂಡದಲ್ಲಿ ರೋಗದ ಬೇರು ಆಹಾರದ ಕೊರತೆಯಲ್ಲಿತ್ತು. ಇಲ್ಲದುದನ್ನು ತಂದಿಟ್ಟೊಡನೆ ಬೇರಿಗೆ ನೀರೆರೆದಂತಾಗದೆ ಬೇರು ಕಿತ್ತಂತಾಯಿತು. ಶಮೋಕಿನ್ನಿನಲ್ಲಿ ಕೊರತೆಯ ಜೊತೆಗೆ ಒಗ್ಗದ ಆಹಾರದ ಹೆಚ್ಚಳವೂ ಇತ್ತು. ಅಲ್ಲಿ ಒಳ್ಳೆಯದನ್ನು ಕೂಡಿಸುವುದರೊಡನೆ ಹಳೆಯ ರೂಢಿಯನ್ನು ಕಳೆಯಬೇಕಾಗಿತ್ತು. ಕೂಡಿಸುವುದು ಸುಲಭ, ಕಳೆಯುವುದು ಕಷ್ಟ. ಆದುದರಿಂದ ಆಸ್ಪತ್ರೆಯ ಊಟವೆಂಬ ಒಂದೇ ಮಂತ್ರದಿಂದ ಎಲ್ಲ ರೋಗಗಳೂ ಓಡಿಹೋಗುವುದಿಲ್ಲ. ಯಾರಿಗೆ, ಯಾವ ರೋಗದಲ್ಲಿ, ಎಷ್ಟು ಕಾಲ, ಎಂಥ ಊಟ ಎಂಬುದನ್ನು ಔಷಧದಷ್ಟೇ ಎಚ್ಚರಿಕೆಯಿಂದ ಪರೀಕ್ಷಿಸಿ ನಿರ್ಣಯಿಸಬೇಕು. ಊಟವು ಔಷಧದ ಜೊತೆಗಾರನೇ ಹೊರತು ಅದರ ಬದಲಿಯಲ್ಲ. ಝಾರಖಂಡದಲ್ಲಿ ಗಂಟಿನೊಡನೆ ಮಾತ್ರೆಯೂ ಇತ್ತು.

ನಮ್ಮ ಮುಂಬಯಿ ನಗರಕ್ಕೆ ಚಿಕಿತ್ಸೆಗಾಗಿ ದೂರದೂರದಿಂದ ಬರುವವರು ಅಸಂಖ್ಯರು. ಪರೇಲಿನ ದೊಡ್ಡ ಆಸ್ಪತ್ರೆಗಳ ಹೊರಗೆ ಕಾಲುದಾರಿಯಲ್ಲಿಯೇ ಬೇಯಿಸಿ ಉಣ್ಣುವ ಕುಟುಂಬಗಳನ್ನು ನಾವೆಲ್ಲರೂ ಕಂಡಿದ್ದೇವೆ. ಇದೇ ನಗರದಲ್ಲಿ ೨೦೧೩ರಲ್ಲಿ ಹುಟ್ಟಿದ ಕಡಲ್ಸ್ ಫೌಂಡೇಷನ್ ಎಂಬ ಸಂಸ್ಥೆಯು ಬಡ ಮಕ್ಕಳಿಗೆ ಕ್ಯಾನ್ಸರ್ ಚಿಕಿತ್ಸೆ ನೀಡುವ ಆಸ್ಪತ್ರೆಗಳಲ್ಲಿ ಆಹಾರಶಾಸ್ತ್ರಜ್ಞರನ್ನು ನೇಮಿಸಿ, ಮಗುವಿನ ತೂಕಕ್ಕೆ ತಕ್ಕ ಆಹಾರವನ್ನು ಒದಗಿಸುತ್ತಿದೆ. ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ಕನ್ನಡಿಗರಲ್ಲಿ ಎಷ್ಟೋ ಮಂದಿ ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಕಲಿತು, ಮುಂದೆ ತಾವೇ ಹೋಟೆಲುಗಳನ್ನು ಕಟ್ಟಿ ಈ ಊರಿಗೆ ಅನ್ನವಿಕ್ಕಿದವರು. ಸಾವಿರ ಜನಕ್ಕೆ ಒಂದೇ ಹದದಲ್ಲಿ ಬೇಯಿಸಿ ಬಡಿಸುವ ಕಲೆ ನಮ್ಮವರಿಗೆ ಕರಗತವಾಗಿದೆ. ಒಬ್ಬೊಬ್ಬ ರೋಗಿಗೆ ಒಂದೊಂದು ಹದದಲ್ಲಿ ಬೇಯಿಸುವ ಕಲೆಯೂ ಈ ಅನುಭವಕ್ಕೆ ಸೇರಿದರೆ ಎಷ್ಟು ಉಪಕಾರವಾದೀತು! ಆಹಾರಶಾಸ್ತ್ರವು ಇಂದು ಕಾಲೇಜುಗಳಲ್ಲಿ ಕಲಿಯಬಹುದಾದ ವಿದ್ಯೆ. ನಮ್ಮ ಶಾಲೆಯಿಂದ ಹೊರಬೀಳುವ ಬಾಲಕ ಬಾಲಕಿಯರಲ್ಲಿ ಕೆಲವರಾದರೂ ಆ ದಾರಿಯನ್ನು ಆರಿಸಿಕೊಳ್ಳಲೆಂದು ನಾವು ಹಾರೈಸುತ್ತೇವೆ.

ಅಲ್ಲಿಯವರೆಗೆ ಮಾಡಬಹುದಾದ ಚಿಕ್ಕ ಕೆಲಸಗಳೂ ಇವೆ. ಮನೆಯಲ್ಲಿ ಅಜ್ಜಿಗೋ ತಂದೆಗೋ ದೀರ್ಘರೋಗವಿದ್ದರೆ ವೈದ್ಯರು ಬರೆದುಕೊಟ್ಟ ಪಥ್ಯದ ಚೀಟಿಯನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿರಿ. ಅನೇಕ ಮನೆಗಳಲ್ಲಿ ಆ ಚೀಟಿಯನ್ನು ಓದಬಲ್ಲವರು ಮಕ್ಕಳೇ ಆಗಿರುತ್ತಾರೆ. ಮದ್ದು ತೆಗೆದುಕೊಂಡವರು ಹೊತ್ತಿಗೆ ಸರಿಯಾಗಿ ಉಂಡರೋ ಇಲ್ಲವೋ ವಿಚಾರಿಸಿರಿ. ನೆರೆಮನೆಯ ರೋಗಿಯನ್ನು ನೋಡಲು ಹೋಗುವಾಗ ಸಿಹಿ ತಿಂಡಿಯ ಪೊಟ್ಟಣವನ್ನು ಒಯ್ಯುವ ಮೊದಲು, ಅವರು ಏನನ್ನು ಉಣ್ಣಬಹುದೆಂದು ಒಂದು ಮಾತು ಕೇಳಿರಿ. ರೋಗಿಗಾಗಿ ಮನೆಯವರೆಲ್ಲರೂ ವಾರದಲ್ಲಿ ನಾಲ್ಕು ದಿನ ಉಪ್ಪು ಕಡಿಮೆ ಮಾಡಿ ಉಂಡರೆ, ಅವರೊಬ್ಬರೇ ಬೇರೆ ಪಾತ್ರೆಯ ಸಪ್ಪೆ ಸಾರನ್ನು ನುಂಗುತ್ತ ಕುಳಿತುಕೊಳ್ಳಬೇಕಾಗಿಲ್ಲ.